ಧಾರಣಿ ಬಿದ್ದ ವರ್ಷದ ಪಾಠ

ಹಾನಗಲ್ಲ
೯ ಜುಲೈ ೧೯೬೧

ಗೆಳೆಯ ಮಲ್ಲಿಕಸಾಬನಿಗೆ ಉಡಚಪ್ಪನ ನಮಸ್ಕಾರ.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಒಂದೇ ಖೋಲಿಯಲ್ಲಿದ್ದು ಒಂದೇ ಕಂದೀಲಿಗೆ ಓದಿದವರು ನಾವು. ಈಗ ನೀನು ಸವಣೂರಲ್ಲಿ, ನಾನು ಇಲ್ಲಿ. ಇಬ್ಬರಿಗೂ ಏಳನೇ ಇಯತ್ತೆ, ಇಬ್ಬರಿಗೂ ಇತಿಹಾಸ. ಅದಕ್ಕೇ ಈ ಸುದ್ದಿ ಮೊದಲು ನಿನಗೆ.

ಪುಸ್ತಕದಲ್ಲಿ ಆ ಸಾಲು ಇದೆಯಲ್ಲ, ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು ಉಂಟಾಗಿ ಜನರು ಕಷ್ಟಕ್ಕೀಡಾದರು ಎಂದು. ಪ್ರತಿ ವರ್ಷ ಅದನ್ನು ಓದಿಸಿ ಮುಂದೆ ಹೋಗುತ್ತಿದ್ದೆ. ಈ ಸಲ ಒಬ್ಬ ಹುಡುಗ ಎದ್ದು, "ಮಾಸ್ತರ, ಜಗತ್ತು ಅಂದ್ರ ನಮ್ಮ ಹಾನಗಲ್ಲೂ ಬಂತೇನ್ರಿ ಅದರಾಗ?" ಎಂದು ಕೇಳಿದ. ನನಗೆ ನಾಚಿಕೆಯಾಯಿತು. ಮೂವತ್ತು ವರ್ಷದ ಹಿಂದೆ ಹತ್ತಿಯ ಧಾರಣಿ ಬಿದ್ದು, ಗಿರಣಿಗಳು ಮುಚ್ಚಿ, ಕೂಲಿ ಇಲ್ಲದೆ ಜನ ಊರೂರು ಅಲೆದ ಕಾಲ ಅದು. ಈಗಿನ ಅಜ್ಜ ಅಜ್ಜಿಯರು ಆಗ ಹರೆಯದವರು. ಎಲ್ಲರಿಗೂ ನೆನಪಿದೆ, ಯಾರೂ ಕೇಳಿಲ್ಲ.

ಮಕ್ಕಳಿಗೆ ಒಂದೇ ಪ್ರಶ್ನೆ ಕೊಟ್ಟು ಮನೆಗೆ ಕಳಿಸಿದೆ: ಧಾರಣಿ ಬಿದ್ದ ವರ್ಷ ನಿಮ್ಮ ಮನೆಯಲ್ಲಿ ಏನು ನಿಂತಿತು? ಮರುದಿನ ನೀನು ಇರಬೇಕಿತ್ತು. ಒಬ್ಬನ ಮನೆಯಲ್ಲಿ ಸೋದರತ್ತೆಯ ಮದುವೆ ನಿಂತಿತ್ತು. ಒಬ್ಬಳ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ದೀಪ ಹಚ್ಚುವುದು ನಿಂತಿತ್ತು. ಇನ್ನೊಬ್ಬನ ಅಪ್ಪ ಸಾಲಿ ಬಿಟ್ಟದ್ದು ಆಗಲೇ. ವರ್ಗದಲ್ಲಿ ಒಬ್ಬರೂ ಆಕಳಿಸಲಿಲ್ಲ.

ನೀನೂ ಮಾಡು. ಒಂದು ಮಾತು ನೆನಪಿಡು: ಮೊದಲ ಉತ್ತರಕ್ಕೆ ನಿಲ್ಲಬೇಡ, ಮೇಲೊಂದು ಪ್ರಶ್ನೆ ಕೇಳು. ನಿಜವಾದದ್ದು ಎರಡನೆಯ ಉತ್ತರದಲ್ಲಿ ಇರುತ್ತದೆ. ದಸರೆಯ ಸೂಟಿಯಲ್ಲಿ ಹಿರೇಕೆರೂರಿನಲ್ಲಿ ಶಿಕ್ಷಕರ ಸಭೆ ಇದೆ. ಈ ಪಾಠದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ನಿನ್ನ ಮಕ್ಕಳು ಏನು ತಂದರೆಂದು ತಪ್ಪದೆ ಬರಿ.

ನಿನ್ನ
ಉಡಚಪ್ಪ

&nbsp;

ಸವಣೂರ
೨ ಆಗಸ್ಟ್ ೧೯೬೧

ಉಡಚಪ್ಪ,

ನಿನ್ನ ಪತ್ರ ಮುಟ್ಟಿತು. ಪಾಠ ಮಾಡಿದೆ. ಛಲೋ ಆತು.

ಹುಡುಗೂರು ಬಹಳ ತಂದಿದ್ವು. ಹೆಚ್ಚಿನವು ನಿನ್ನ ಹುಡುಗೂರು ಹೇಳಿದಂಥವ. ಮರಿಯಮಬಿ ಅಂತ ಒಬ್ಬ ಹುಡುಗಿ ಅದಾಳ. ಆಕಿ ಅಜ್ಜಿ ಕುಲಸುಮಬಿ, ಈಗ ಮಗಳ ಮನ್ಯಾಗ ಇಲ್ಲೇ ಇರತಾಳ. ಆಗ ಅವರು ಹುಲಗೂರಾಗ ಇದ್ದರು. ಗಂಡ ಹತ್ತಿ ಗಿರಣಿಯೊಳಗ ಹಮಾಲ. ಗಿರಣಿ ಮುಚ್ಚಿತು, ಆತ ಜಡ್ಡಿಗೆ ಬಿದ್ದ. ಸಣ್ಣ ಹೆಣ್ಣುಕೂಸು ಎರಡು. ದರ್ಗಾದಾಗ ಸವಣೂರಿನ ವೀಳ್ಯದೆಲಿ ಅಂಗಡಿಯ ಗಂಡ ಹೆಂಡತಿ ಭೇಟಿ ಆದರಂತ. ಮಕ್ಕಳಿಲ್ಲದವರು. ಕುಲಸುಮಬಿ ಒಂದು ಕೂಸನ್ನ ಅವರಿಗೆ ಕೊಟ್ಟಳು.

"ನಮ್ಮ ಮನ್ಯಾಗ ಒಂದು ಕೂಸಿನ ಆಟ ನಿಂತಿತಂತ್ರಿ ಮಾಸ್ತರ," ಅಂತ ಹೇಳಿದಳು ಹುಡುಗಿ.

ಇದು ನಮ್ಮಿಬ್ಬರೊಳಗ ಇರಲಿ.

ನಾಕೈದು ದಿನದಿಂದ ನನಗ ಊಟ ಸೇರವಲ್ದು. ಮಳಿ ಹವಾ ಇರಬೇಕು.

ಮಲ್ಲಿಕಸಾಬ

&nbsp;

ಹಾನಗಲ್ಲ
೧೦ ಆಗಸ್ಟ್ ೧೯೬೧

ಪ್ರಿಯ ಮಲ್ಲಿಕಸಾಬ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಇತಿಹಾಸ ಅಂದರೆ ಇದೇ. ದೊರೆಗಳ ಹೆಸರು ಉರು ಹೊಡೆಸುತ್ತ ನಾವು ಎಷ್ಟು ಕಾಲ ಕಳೆದೆವು ನೋಡು. ನಿನ್ನ ವರ್ಗದ ಒಂದು ಹುಡುಗಿ ಒಂದೇ ಮಾತಿನಲ್ಲಿ ಆ ಮುಗ್ಗಟ್ಟನ್ನೆಲ್ಲ ಹೇಳಿಬಿಟ್ಟಳು.

ನೀನು ಮುಖ್ಯವಾದದ್ದನ್ನೇ ಬರೆದಿಲ್ಲ. ಆ ಕೂಸು ಮುಂದೆ ಏನಾಯಿತು? ಬದುಕಿದೆಯೆ? ಎರಡು ಕೂಸಿನಲ್ಲಿ ಇದನ್ನೇ ಯಾಕೆ ಕೊಟ್ಟರು? ಅಜ್ಜಿಯನ್ನು ನೀನೇ ಹೋಗಿ ಕೇಳಬಾರದೆ? ಮುದುಕರು ಸಾಲಿ ಮಾಸ್ತರರಿಗೆ ಇಲ್ಲವೆನ್ನುವುದಿಲ್ಲ.

ಊಟ ಸೇರದಿದ್ದರೆ ಜೀರಿಗೆ, ಒಣ ಶುಂಠಿ ಕುಟ್ಟಿ ಕಷಾಯ ಮಾಡಿಸಿ ಕುಡಿ. ನಮ್ಮವ್ವನ ಮದ್ದು, ಎರಡು ದಿನದಲ್ಲಿ ಸರಿಯಾಗುತ್ತದೆ.

ನಿನ್ನ
ಉಡಚಪ್ಪ

&nbsp;

ಹಾನಗಲ್ಲ
೨೪ ಅಕ್ಟೋಬರ್ ೧೯೬೧

ಪ್ರಿಯ ಮಲ್ಲಿಕಸಾಬ,

ನಡುವೆ ಎರಡು ಕಾರ್ಡು ಹಾಕಿದೆ. ಒಂದಕ್ಕೂ ನಿನ್ನ ಉತ್ತರವಿಲ್ಲ. ಮೈ ನೆಟ್ಟಗಿಲ್ಲವೋ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯ ಹುಡುಗರ ಗಡಿಬಿಡಿಯೋ?

ಹಿರೇಕೆರೂರಿನ ಸಭೆ ಮುಗಿಯಿತು. ನನ್ನ ಮಾತು ಚೆನ್ನಾಗಿಯೇ ಆಯಿತೆಂದರು. ಇಲ್ಲಿಯ ಮಕ್ಕಳು ತಂದ ಉದಾಹರಣೆಗಳನ್ನು ಹೇಳಿದೆ. ಇನ್‌ಸ್ಪೆಕ್ಟರ ಸಾಹೇಬರು ಕರೆದು ಚಹಾ ಕೊಡಿಸಿದರು. ಜನವರಿಯ ಸಭೆಗೂ ಬಾ ಎಂದಿದ್ದಾರೆ. ಬರುವಾಗ ಅಬಲೂರಿನಲ್ಲಿ ಇಳಿದು ಗುಡಿಯ ಶಾಸನಗಳನ್ನು ನೋಡಿಕೊಂಡು ಬಂದೆ.

ಒಂದು ಸಾಲಾದರೂ ಬರಿ.

ನಿನ್ನ
ಉಡಚಪ್ಪ

&nbsp;

ಸವಣೂರ
೫ ನವೆಂಬರ್ ೧೯೬೧

ಉಡಚಪ್ಪ,

ಹಾನಗಲ್ಲಿನ ಹುಡುಗೂರ ಉದಾಹರಣೆ ಹೇಳಿದೆ ಅಂತ ಬರದಿ. ನಮ್ಮ ಸಾಲ್ಯಾಗ ಗುಡ್ಡಪ್ಪ ಮಾಸ್ತರ ಅಂತ ಅದಾರ, ಅವರೂ ಆ ಸಭಾಕ್ಕ ಬಂದಿದ್ದರು. ನೀ ಏನು ಹೇಳಿದಿ ಅನ್ನೂದು ಅವರಿಗೆ ಬಾಯಿಪಾಠ ಆಗೇತಿ. "ಅಬಲೂರು, ಆಡೂರಿನ ಕಲ್ಲಿನ ಮ್ಯಾಲ ಯಾರು ಯಾವ ಭೂಮಿ ದಾನ ಕೊಟ್ಟರು ಅಂತ ಕೆತ್ತ್ಯಾರ, ಹುಲಗೂರಿನ ದರ್ಗಾದಾಗ ಒಬ್ಬಾಕಿ ಮಗಳನ್ನ ಸವಣೂರಿನ ಎಲಿ ಅಂಗಡಿಯವರಿಗೆ ಕೊಟ್ಟಳು, ಅದನ್ನ ಕೆತ್ತಿದವರು ಯಾರು?" ಹಿಂಗ ಅಂದಿ ಅಂತಲ್ಲ. ಮಂದಿ ಬಹಳ ಹೊತ್ತು ಚಪ್ಪಾಳಿ ಹೊಡದರಂತ.

ನಾನೂ ನಿನ್ನಿಂದ ಮುಚ್ಚಿ ಇಟ್ಟೇನಿ. ಈಗ ಎಲ್ಲಾ ಬರೀತೇನಿ.

ಅವತ್ತ ಮರಿಯಮಬಿ ಕೂಸು ಕೊಟ್ಟದ್ದನ್ನ ಹೇಳಿ ಕುಂತಳು. ನಾ ಅಲ್ಲಿಗೆ ಬಿಡಬೇಕಿತ್ತು. ವರ್ಗ ಗಪ್ಪಾಗಿತ್ತು, ಅದು ನನಗ ಹಿತ ಅನಿಸಿತು. ನಿನ್ನ ಮಾತೂ ತಲ್ಯಾಗ ಇತ್ತು. "ಈ ಊರಾಗ ಯಾರ ಮನಿಗೆ ಕೊಟ್ಟರವಾ?" ಅಂತ ಮ್ಯಾಲೊಂದು ಪ್ರಶ್ನೆ ಕೇಳಿದೆ. ಆಕಿ ಮಗ್ಗಲದಾಗ ಕುಂತ ಹುಡುಗಿ ಕಡೆ ತಿರುಗಿ ನಕ್ಕಳು. "ಇವರ ಮನಿಗ್ರಿ ಮಾಸ್ತರ. ಈ ಜೈತುನಳ ಅವ್ವನೇ ಆ ಕೂಸು. ನಾವಿಬ್ಬರೂ ಅಕ್ಕತಂಗೇರ ಮಕ್ಕಳಂತ." ಬಹಳ ಖುಷಿಯಿಂದ ಹೇಳಿದಳಪಾ. ತನ್ನ ಗೆಳತಿಗೆ ದೊಡ್ಡದೊಂದು ಕೊಡಾಕತ್ತೇನಿ ಅನ್ನುವಂಗ.

ಜೈತುನ ಎದ್ದು ಮನಿಗೆ ಓಡಿದಳು. ಪಾಟಿಚೀಲ ಸುದ್ಧಾ ಒಯ್ಯಲಿಲ್ಲ. ಅವತ್ತಿನಿಂದ ಸಾಲಿಗೆ ಬಂದಿಲ್ಲ. ನನಗ ಊಟ ಸೇರದ್ದು ಅದಕ್ಕ. ನೀ ಕಷಾಯ ಬರದಿ.

ಆಕಿ ಅವ್ವ ಹುಸೇನಬಿ. ತಾನು ಎಲಿ ಅಂಗಡಿಯವರ ಹೊಟ್ಟಿಯೊಳಗ ಹುಟ್ಟಿದಾಕಿ ಅಂತ ತಿಳಕೊಂಡು ಇಷ್ಟ ವರ್ಷ ಬದುಕಿದಾಕಿ. ಅವರಿಬ್ಬರೂ ತೀರಿಕೊಂಡಾರ, ಅಂಗಡಿ ಈಗ ಗಂಡ ಕರೀಮಸಾಬ ನಡಸ್ತಾನ. ಜೈತುನ ಹೇಳಿದ್ದನ್ನ ಈ ಗಂಡ ಹೆಂಡತಿ ಮೊದಲು ಹುಡುಗೂರ ಮಾತು ಅಂತ ತಳ್ಳಿಹಾಕಿದರು. ನಾನೂ ಹೌದಂದೆ. ಕರೀಮಸಾಬ ಹಾದ್ಯಾಗ ಸಿಕ್ಕಾಗ, "ಹುಡುಗಿ ಏನೋ ತಪ್ಪು ಕೇಳಿಸಿಕೊಂಡಿರಬೇಕು," ಅಂತ ಸುಳ್ಳು ಹೇಳಿದೆ. ಆತ ನಂಬಿದ. ಸಾವಕಾಶ ಎಲ್ಲಾ ತಣ್ಣಗಾಗತೈತಿ, ಹುಡುಗಿ ಸಾಲಿಗೆ ಬರತಾಳ ಅಂತ ನಾ ದಾರಿ ನೋಡಾಕತ್ತಿದ್ದೆ.

ಗುಡ್ಡಪ್ಪ ಮಾಸ್ತರ ಹಿರೇಕೆರೂರಿಂದ ಬಂದವರು ಸೀದಾ ಎಲಿ ತಗೊಳ್ಳಾಕ ಅಂಗಡಿಗೆ ಹೋಗ್ಯಾರ. ನಾಕು ಮಂದಿ ಗಿರಾಕಿ ಮುಂದ, "ಕರೀಮಸಾಬ್ರ, ಹುಲಗೂರಿಂದ ಕೂಸು ತಂದ ಎಲಿ ಅಂಗಡಿಯವರು ಯಾರ್ರಿ ಈ ಊರಾಗ? ಸಭಾದಾಗ ಮಂದಿ ಕಣ್ಣಾಗ ನೀರ ಬಂದೂ ನೋಡ್ರಿ," ಅಂದಾರ. ಅವರಿಗೇನೂ ಗೊತ್ತಿಲ್ಲ. ಬಾಗಲ ಹಿಂದ ಹುಸೇನಬಿ ಎಲಿ ಜೋಡಸ್ಕೋಂತ ಕುಂತಿದ್ದಳು.

ಮರುದಿನ ಕರೀಮಸಾಬ ಸಾಲಿಗೆ ಬಂದ. "ಮಾಸ್ತರ, ಬಾಯಿ ಬಿಡಿಸಿದವರು ನೀವು. ನೀವೂ ಬರ್ರಿ," ಅಂದ. ಹುಸೇನಬಿ ಮುಂದ, ನಾವಿಬ್ಬರು ಹಿಂದ, ಕುಲಸುಮಬಿ ಮನಿಗೆ ಹೋದಿವಿ. ಮುದುಕಿ ಹೊರಸಿನ ಮ್ಯಾಲ ಕುಂತಿದ್ದಳು. ಹುಸೇನಬಿ ಆಕಿನ್ನ ನೋಡಿ ನಿಂತುಬಿಟ್ಟಳು.

"ಸಂತಿ ದಿನ ಎಲಿ ಒಯ್ಯೂ ಮುದುಕಿ ನೀನ ಅಲ್ಲ?"

"ಹೌದವಾ."

"ನಿನ್ನ ಬಾಯಿ ಎಂದೂ ಕೆಂಪಾಗಿದ್ದು ನಾ ನೋಡಿಲ್ಲ."

"ನಾ ಎಲಿ ತಿನ್ನೂದಿಲ್ಲ. ಓಣ್ಯಾಗ ಹಂಚತೇನಿ."

ಹುಸೇನಬಿ ನೆಲದ ಮ್ಯಾಲ ಕುಂತಳು. ಆಮ್ಯಾಲ ಕೇಳಿದಳು, "ಇಬ್ಬರೊಳಗ ನನ್ನ ಯಾಕ ಕೊಟ್ಟಿ?"

ನೀ ಆಗಸ್ಟದಾಗ ಕೇಳಿದ್ದೂ ಇದನ್ನ. ಅದಕ್ಕ ಉತ್ತರ ಬರೀತೇನಿ, ಓದು.

"ಎಲಿ ಅಂಗಡಿಯ ಆ ಯವ್ವ ಇಬ್ಬರನ್ನೂ ಎತ್ತಿಕೊಂಡು ನೋಡಿದಳು. ನಿಮ್ಮಕ್ಕ ಎತ್ತಿದ ಕೂಡ್ಲೆ ಚೀರಿ ಅತ್ಲು, ನನ್ನ ಸೆರಗ ಬಿಡಲಿಲ್ಲ. ನೀ ಅಳಲಿಲ್ಲ. ಯಾರು ಎತ್ತಿದ್ರೂ ಹೋಗೂ ಕೂಸು ನೀ. ಆಕಿ ಕೊಳ್ಳಾಗಿನ ಮಣಿ ಹಿಡಕೊಂಡು ನಕ್ಕಿ. ಈ ಕೂಸು ಎಲ್ಲಿದ್ರೂ ಬದಕತೈತಿ ಅಂತ ನಿನ್ನ ಕೊಟ್ಟೆ."

"ನಾನೂ ಅತ್ತಿದ್ರ?"

"ಗೊತ್ತಿಲ್ಲವಾ," ಅಂದಳು.

"ಇಷ್ಟ ವರ್ಷ ಬಾಯಿ ಬಿಡದಾಕಿ ಈಗ್ಯಾಕ ಬಿಟ್ಟಿ?"

ಮುದುಕಿ ನನ್ನ ಕಡೆ ನೋಡಿದಳು. "ಮೊಮ್ಮಗಳು ಬಂದು, ಸಾಲ್ಯಾಗ ಖರೇ ಹೇಳಾಕ ಹೇಳ್ಯಾರ ಅಂದ್ಲು. ಸಾಲಿ ಕೇಳಿದ ಮ್ಯಾಲ ಸುಳ್ಳು ಹ್ಯಾಂಗ ಹೇಳ್ಲಿ?"

ಉಡಚಪ್ಪ, ಆಕಿ ನಮ್ಮನ್ನ ಬೈಲಿಲ್ಲ. ಸಾಲಿ ಅಂದ್ರ ಏನೋ ದೊಡ್ಡದು, ಅದಕ್ಕ ಹೇಳಿದ್ರ ಏನೋ ಛಲೋ ಆಗತೈತಿ ಅಂತ ತಿಳದಿದ್ದಳು. ಹುಸೇನಬಿ ಎದ್ದು ಹೊರಗ ಹೋದಳು. ಮೂಲ್ಯಾಗ ಮರಿಯಮಬಿಯ ಅವ್ವ, ಅಂದ್ರ ಅತ್ತ ಕೂಸು, ಮಾರಿ ಮುಚ್ಚಿಕೊಂಡು ನಿಂತಿದ್ದಳು.

ನಿನಗ ಸಿಟ್ಟಿಲೆ ಬರೀಬೇಕಂತ ಕುಂತೆ. ಆದ್ರ ನಿನ್ನ ಪ್ರಶ್ನೆ ಮರಿಯಮಬಿ ಮುಂದ ಇಟ್ಟಾವ ನಾನು.

ಮಲ್ಲಿಕಸಾಬ

&nbsp;

ಹಾನಗಲ್ಲ
೧೧ ನವೆಂಬರ್ ೧೯೬೧

ಮಲ್ಲಿಕಸಾಬ,

ನಮ್ಮಿಬ್ಬರೊಳಗ ಇರಲಿ ಅಂತ ನೀ ಬರದಿದ್ದಿ. ನಾ ಓದಿದ್ದೆ. ಸಭಾದಾಗ ನಿಂತಾಗ ಹಾನಗಲ್ಲಿನ ದೀಪದ ಸುದ್ದಿ, ಮದುವಿ ಸುದ್ದಿ ಹೇಳಿದೆ, ಮಂದಿ ತೂಕಡಿಸಾಕತ್ತಿದ್ದರು. ಆಗ ಇದು ಬಾಯಿಗೆ ಬಂತು. ಹೆಸರು ಹೇಳಲಿಲ್ಲ, ಊರು ಹೇಳಿದೆ. ಹೆಸರು ಹೇಳಲಿಲ್ಲಲ್ಲ ಅಂತ ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ನಿನಗ ಪತ್ರ ಬರಿಯುವಾಗ ಆ ಸಮಾಧಾನಾನೂ ಸಾಲಲಿಲ್ಲ, ಅದಕ್ಕ ಆ ಸುದ್ದಿನ ಬಿಟ್ಟುಬಿಟ್ಟೆ.

ಮುಂದಿನ ಐತವಾರ ಸವಣೂರಿಗೆ ಬರತೇನಿ. ಅವರು ಬಾಗಲಾ ತಗೀತಾರೋ ಇಲ್ಲೋ, ಬರತೇನಿ. ನೀ ಬ್ಯಾಡ ಅಂತ ಬರೀಬ್ಯಾಡ.

ಉಡಚಪ್ಪ

&nbsp;

ಹಾನಗಲ್ಲ
೨೧ ನವೆಂಬರ್ ೧೯೬೧

ಮಲ್ಲಿಕಸಾಬ,

ನೀ ಅಂಗಡಿ ಮುಂದ ನಿಂತಿ, ನಾ ಒಬ್ಬನ ಒಳಗ ಹೋದೆ. ಬಸ್‌ಸ್ಟ್ಯಾಂಡಿನಾಗ ನೀ ಕೇಳಿದಾಗ ಹೇಳಾಕ ಆಗಲಿಲ್ಲ. ಈಗ ಬರೀತೇನಿ.

ಕರೀಮಸಾಬ ಚಾಪಿ ಹಾಸಿದ. ಹುಸೇನಬಿ ಒಳಬಾಗಲ ಮರಿಗೆ ಕುಂತಿದ್ದರು. ನಾ ಹಾದಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. ತಪ್ಪಾತ್ರಿ ಅಂದೆ, ಅಷ್ಟ.

"ಮಂದಿ ಚಪ್ಪಾಳಿ ಹೊಡದ್ರಂತ್ರಿ," ಅಂದರು ಅವರು ಒಳಗಿಂದ. "ನನಗ ಹೊಡದ್ರೋ, ನನ್ನ ಕೊಟ್ಟಾಕಿಗೆ ಹೊಡದ್ರೋ?"

ಸುಳ್ಳು ಹೇಳಾಕ ಆಗಲಿಲ್ಲ. "ನನಗ ಹೊಡದ್ರು," ಅಂದೆ.

"ಅಂದ್ರ ನಮ್ಮ ಮನಿ ಸುದ್ದಿ ಒಯ್ದು ನೀವು ಹೆಸರು ತಗೊಂಡ್ರಿ."

"ಹೌದ್ರಿ."

ಕರೀಮಸಾಬ, "ಹೋಗಲಿ ಬಿಡು," ಅಂದ. ಅವರು ಬಿಡಲಿಲ್ಲ. ದನಿ ಏರಿಸಲಿಲ್ಲ, ಅದ ನನಗ ಕಷ್ಟ ಆತು. "ನೀವು ಕೂಸು ಕೊಟ್ಟದ್ದನ್ನ ಹೇಳಿ ಇಳದ ಬಂದ್ರಿ. ಆ ಕೂಸು ದೊಡ್ಡಾಕಿ ಆಗಿ ನಿಮ್ಮ ಮಾತು ಕೇಳಿಸಿಕೊಂಡಳು ಅನ್ನೂದನ್ನ ಯಾರು ಹೇಳಬೇಕು? ಅವ್ವ ಅಪ್ಪ ಅಂತ ಯಾರನ್ನ ಮಣ್ಣಾಗ ಇಟ್ಟು ಬಂದೆನೋ, ಅವರ ಮ್ಯಾಲ ಸಿಟ್ಟು ಬರಾಕತ್ತೇತಿ ನನಗ. ನನಗ ಸುಳ್ಳು ಹೇಳಿದ್ರಂತ. ಸತ್ತವರ ಕೂಡ ಹ್ಯಾಂಗ ಜಗಳಾಡ್ಲಿ? ಅಲ್ಲೇ ಹೋಗ್ರಿ, ಅದ ಮಂದಿ ಮುಂದ ನಿಂತು ಇದನ್ನೂ ಹೇಳ್ರಿ."

ಹೇಳತೇನಿ ಅಂತ ಮಾತು ಕೊಟ್ಟು ಬಂದೇನಿ. ಅವರು ಕ್ಷಮಾ ಮಾಡಲಿಲ್ಲ. ನಾನೂ ಕೇಳಲಿಲ್ಲ.

ಉಡಚಪ್ಪ

&nbsp;

ಹಾನಗಲ್ಲ
೨೪ ಜನವರಿ ೧೯೬೨

ಮಲ್ಲಿಕಸಾಬ,

ಹಿರೇಕೆರೂರಿಗೆ ಹೋಗಿಬಂದೆ.

ಈ ಸಲ ಊರಿನ ಹೆಸರು, ಎಲಿ ಅಂಗಡಿ ಯಾವುದನ್ನೂ ಎತ್ತಲಿಲ್ಲ. ಹ್ವಾದ ಸಲ ನಾ ಒಂದು ಮನಿಯ ಸುದ್ದಿ ಕೇಳದ ಹೇಳಿದ್ದೆ, ಅದು ಆ ಮನಿಯವರ ಕಿವಿಗೆ ಬಿತ್ತು, ಅವರು ಇಂಥಾ ಮಾತು ಹೇಳಿ ಕಳಿಸ್ಯಾರ ಅಂದೆ. ಹುಸೇನಬಿಯವರು ಅಂದದ್ದನ್ನ ಅಂದಂಗ ಹೇಳಿದೆ. ಒಬ್ಬರೂ ಚಪ್ಪಾಳಿ ಹೊಡೀಲಿಲ್ಲ. ಹಿಂದ ಯಾರೋ ಕೆಮ್ಮಿದರು.

ಇನ್‌ಸ್ಪೆಕ್ಟರ ಸಾಹೇಬರು, "ಇದು ಪಾಠಕ್ಕ ಸಂಬಂಧ ಇಲ್ಲದ ಮಾತು," ಅಂದರು. ಒಬ್ಬ ಹಿರೇ ಮಾಸ್ತರರು ಎದ್ದು, "ಹಂಗಾರ ಇನ್ನ ಮ್ಯಾಲ ಈ ಪಾಠಾ ಮಾಡಬೇಕೋ ಬಿಡಬೇಕೋ?" ಅಂತ ಕೇಳಿದರು. ನನಗ ತಿಳೀವಲ್ದು ಅಂದೆ. ಖರೇನ ತಿಳೀವಲ್ದು. ಮಾಡದಿದ್ರ ಪುಸ್ತಕದ ಆ ಸಾಲು ಓದಿಸಿ ಮುಂದ ಹೋಗಬೇಕು. ಮಾಡಿದ್ರ ಯಾರ ಮನಿ ಬಾಗಲಾ ತಗೀತೇನೋ ಗೊತ್ತಿಲ್ಲ. ಮುಂದಿನ ಸಭಾಕ್ಕ ನನ್ನ ಕರದಿಲ್ಲ. ಅದು ಇರಲಿ.

ನಾ ಹೇಳಿದ್ದು ಹುಸೇನಬಿಯವರಿಗೆ ಮುಟ್ಟಿಸು. ಸಾಕು ಅಂತ ಅವರು ಅನ್ನಬೇಕಂತ ನನ್ನ ಆಸೆ ಇಲ್ಲ. ಜೈತುನ ಸಾಲಿಗೆ ಬಂದಳೇನು, ಅದೊಂದು ಬರಿ.

ಉಡಚಪ್ಪ

&nbsp;

ಸವಣೂರ
೧೨ ಮಾರ್ಚ್ ೧೯೬೨

ಉಡಚಪ್ಪ,

ಚುನಾವಣಿ ಕೆಲಸಕ್ಕ ಹಾಕಿದ್ದರು, ಅದು ಮುಗಿಯೂದರಾಗ ರಂಜಾನದ ರೋಜಾ. ಬರಿಯಾಕ ತಡಾ ಆತು.

ನಿನ್ನ ಪತ್ರ ಕರೀಮಸಾಬನ ಮುಂದ ಓದಿದೆ, ಹುಸೇನಬಿ ಒಳಗಿಂದ ಕೇಳಿದರು. "ಯಾರೂ ಚಪ್ಪಾಳಿ ಹೊಡೀಲಿಲ್ಲೇನು?" ಅಂದರು. ಇಲ್ರಿ ಅಂದೆ. ಮುಂದಿನ ಸೋಮವಾರ ಜೈತುನ ಸಾಲಿಗೆ ಬಂದಳು. ಮರಿಯಮಬಿ ಸರದು ಜಾಗಾ ಮಾಡಿದಳು. ಜೈತುನ ದೂರ ಬ್ಯಾರೆ ಕಡೆ ಹೋಗಿ ಕುಂತಳು. ಮರಿಯಮಬಿ ಖಾಲಿ ಜಾಗಾಕ್ಕ ಕೈ ಇಟ್ಟುಕೊಂಡು ಕುಂತದ್ದನ್ನ ನೋಡಿಕೋಂತ ನಾ ಗಣಿತ ಕಲಿಸಿದೆ. ಆಕಿಗೆ, ನಿಂದೇನೂ ತಪ್ಪಿಲ್ಲವಾ, ತಪ್ಪು ನಂದು ಅಂತ ಹೇಳೇನಿ. ಆಕಿ ನಂಬಿದಂಗ ಕಾಣಲಿಲ್ಲ.

ರೋಜಾದಾಗ ಕುಲಸುಮಬಿ ಹಾಸಿಗಿ ಹಿಡದಳು. ಈದ್ ಹಬ್ಬದ ಮರುದಿನ ನಾ ನೋಡಾಕ ಹೋದೆ. ಮರಿಯಮಬಿಯ ಅವ್ವ ಅಂಗಳದಾಗ ಭಾಂಡೆ ತಿಕ್ಕಾಕತ್ತಿದ್ದಳು. ನಾ ಕಟ್ಟಿ ಮ್ಯಾಲ ಕುಂತಿದ್ದೆ. ಆಗ ಹುಸೇನಬಿ ಒಬ್ಬಾಕಿನ ಬಂದರು, ಕೈಯಾಗ ಏನೂ ಇರಲಿಲ್ಲ. ಮುದುಕಿ ಇದ್ದ ಕೋಣಿ ಕಡೆ ನೋಡಲಿಲ್ಲ. ಸೀದಾ ಅಕ್ಕನ ಮುಂದ ಬಂದು ನಿಂತರು.

ಅಕ್ಕ ಎದ್ದಳು. ಬೂದಿ ಹತ್ತಿದ ಕೈ, ಎಲ್ಲಿ ಇಡಬೇಕೋ ತಿಳೀದಂಗ ನಿಂತಳು. ಆಮ್ಯಾಲ ಆಕಿ ಅಂದದ್ದನ್ನ ನಾ ಎಂದೂ ಎಣಿಸಿರಲಿಲ್ಲ.

"ನಾ ಅಳಬಾರದಿತ್ತವಾ," ಅಂದಳು. "ನಾ ಚೀರಿ ಅತ್ತದ್ದಕ್ಕ ನಿನ್ನ ಕೊಟ್ರು. ಅವ್ವ ಅವತ್ತ ಹೇಳಿದಾಗಿಂದ ನನಗ ಒಂದು ತುತ್ತು ಇಳೀವಲ್ದು. ನಿನ್ನ ಜಾಗಾದಾಗ ನಾ ಉಂಡೆ."

ನೋಡು ಉಡಚಪ್ಪ, ನಾವಿಬ್ಬರೂ ಇಷ್ಟ ತಿಂಗಳು ಹುಸೇನಬಿಯ ಸಂಕಟದ್ದ ಮಾತಾಡಿದಿವಿ. ಮೂಲ್ಯಾಗ ಮಾರಿ ಮುಚ್ಚಿಕೊಂಡಾಕಿದು ನನ್ನ ಕಣ್ಣಿಗೆ ಬಿದ್ದಿತ್ತು, ತಲಿಗೆ ಹೋಗಿರಲಿಲ್ಲ.

ಹುಸೇನಬಿ ಒಂದು ಭಾಂಡೆ ಸರಿಸಿ ಹತ್ತಿರ ಬಂದರು. "ನೀ ಕೂಸಿದ್ದಿ," ಅಂದರು. "ಕೂಸು ಅಳೂದು ತಪ್ಪೇನು?"

"ನೀನೂ ಕೂಸಿದ್ದಿ."

"ಹೌದು. ನಾನೂ ಕೂಸಿದ್ದೆ."

ಇಬ್ಬರೂ ಅಲ್ಲೇ ಭಾಂಡೆ ನಡುವ ಕುಂತುಬಿಟ್ಟರು. ಒಬ್ಬರನ್ನೊಬ್ಬರು ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ಕೇಳಿಸದಂಗ ಏನೋ ಮಾತಾಡಿದರು. ಗಂಡಂದು, ಮಕ್ಕಳದು ಇರಬೇಕು. ಸ್ವಲ್ಪ ಹೊತ್ತಿನ ಮ್ಯಾಲ ಒಳಗ ಮುದುಕಿ ನರಳಿದ್ದು ಕೇಳಿಸಿತು. ಹುಸೇನಬಿ ತಲಿ ಎತ್ತಿದರು.

"ಉಂಡಾಳೇನು?"

"ಮುಂಜಾನಿಂದ ಇಲ್ಲ. ನಾ ತುತ್ತು ಹಿಡದ್ರ ಬಾಯಿ ತಗ್ಯೂದಿಲ್ಲ."

"ಗಂಜಿ ಐತೇನು?"

ಅಕ್ಕ ಒಳಗಿಂದ ವಾಟಗದಾಗ ಗಂಜಿ ತಂದು ಕೊಟ್ಟಳು. ಹುಸೇನಬಿ ಅದನ್ನ ಹಿಡಕೊಂಡು ಹೊಸ್ತಿಲದಾಗ ಬಹಳ ಹೊತ್ತು ನಿಂತರು. ಒಳಗ ಹೋಗಲಾರರು ಅಂತ ನನಗ ಅನಿಸಿತ್ತು. "ಸಿಟ್ಟು ಹೋಗಿಲ್ಲ ನಂದು," ಅಂದರು, ನಮಗೋ ಒಳಗಿನಾಕಿಗೋ ತಿಳೀಲಿಲ್ಲ. ಅಂದು, ಒಳಗ ಹೋದರು.

ನಾ ಚಪ್ಪಲಿ ಮೆಟ್ಟಿಕೊಂಡು ಸಪ್ಪಳ ಮಾಡದ ಎದ್ದು ಬಂದೆ. ಒಳಗ ಏನಾತು ನನಗ ಗೊತ್ತಿಲ್ಲ. ನಿನಗೂ ಗೊತ್ತಾಗೂದು ಬ್ಯಾಡ.

ಮಲ್ಲಿಕಸಾಬ